ಮಾಳಿಗೆಯ ಆರೈಕೆ
(ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಸೀನಾ ಮತ್ತು ಭೀಮಾ ನದಿಗಳ ನಡುವಣ ಈ ಸೀಮೆಯಲ್ಲಿ ಬಿಸಿಲು ಹೆಚ್ಚು, ಮಳೆ ಕಡಿಮೆ. ಇಂತಹ ನೆಲಕ್ಕೆ ತಕ್ಕುದೆಂದು ನಮ್ಮ ಹಿರಿಯರು ಕಂಡುಕೊಂಡ ಚಾವಣಿಯೇ ಮಣ್ಣಿನ ಮಾಳಿಗೆ. ಸಿಮೆಂಟು, ತಗಡುಗಳು ಬಂದ ಮೇಲೂ ನಮ್ಮ ಭಾಗದ ಹಳೆಯ ಮನೆಗಳ ಮೇಲೆ ಅದು ಉಳಿದುಕೊಂಡಿದೆ. ಸೋರುವ ಮಾಳಿಗೆಯನ್ನು ಮುಂದಿಟ್ಟುಕೊಂಡು ಶಿಶುನಾಳದ ಶರೀಫ ಸಾಹೇಬರು ತತ್ತ್ವಪದವನ್ನೇ ಕಟ್ಟಿದರು. ನಾನಾದರೋ ಇಂದು ತತ್ತ್ವವನ್ನು ಅವರಿಗೇ ಬಿಟ್ಟು, ಮಾಳಿಗೆಯನ್ನು ಕುರಿತು ನಾಲ್ಕು ಮಾತುಗಳನ್ನಾಡುವೆನು.

ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ ಅಥವಾ ಕಟ್ಟಿಗೆಯ ಚೂರು, ಅದರ ಮೇಲೆ ಬಡಿದು ಕೂಡಿಸಿದ ಮಣ್ಣು, ಇದು ಮಾಳಿಗೆಯ ರಚನೆ. ಮಳೆಗೆ ನೆನೆದ ಜೇಡಿಯ ಅಂಶವು ಉಬ್ಬಿ ಸಂದುಗಳನ್ನು ಮುಚ್ಚುತ್ತದೆ. ಬಿಸಿಲು ಬಿದ್ದಾಗ ತೇವ ಆರುತ್ತದೆ. ನಮ್ಮ ಹೊಲದ ಎರೆಮಣ್ಣು ಒಣಗಿದಾಗ ಬಿರುಕು ಬಿಡುವುದರಿಂದಲೇ ಹಿರಿಯರು ಮಾಳಿಗೆಗೆ ಬಿಳಿಮಣ್ಣನ್ನು ಆರಿಸಿಕೊಂಡರು.

ಮಾಳಿಗೆ ಎಲ್ಲಿ ಸೋರುತ್ತದೆ? ಬಹುಮಟ್ಟಿಗೆ ನಡುವೆ ಅಲ್ಲ, ಅಂಚಿನಲ್ಲಿ. ಬೆಳಕಿಂಡಿಯ ಸುತ್ತ, ಕುಂಬಿಯ ಬುಡದಲ್ಲಿ, ನೀರು ಹೊರಬೀಳುವ ದೋಣಿಯ ಬಾಯಿಯಲ್ಲಿ. ಒಟ್ಟಿನಲ್ಲಿ ಒಂದು ವಸ್ತುವು ಇನ್ನೊಂದನ್ನು ಕೂಡುವ ಸ್ಥಳದಲ್ಲಿ. ಈ ನಿಯಮ ಮಣ್ಣಿಗೆ ಮಾತ್ರ ಸೀಮಿತವಲ್ಲ. ಅಮೇರಿಕೆಯಲ್ಲಿ ಮೋಟಾರಿಗೆ ಕಟ್ಟಿ ಎಳೆದೊಯ್ಯುವ ಪ್ರವಾಸದ ಮನೆಗಳುಂಟು. ಅವುಗಳಲ್ಲಿ ಅನೇಕವುಗಳ ಚಾವಣಿಗೆ ರಬ್ಬರಿನ ಹಾಳೆಯನ್ನು ಹೊದಿಸಿರುತ್ತಾರೆ. ಹಾಳೆ ಬಹುಕಾಲ ಬಾಳುತ್ತದೆ. ಗಾಳಿಕಿಂಡಿಯ ಸುತ್ತಲಿನ ಹಾಗೂ ಅಂಚಿನ ಮೆತ್ತುಗೆ ಅದಕ್ಕಿಂತ ಮೊದಲೇ ಬಿರಿಯುತ್ತದೆ. ಆದುದರಿಂದ ಅಲ್ಲಿಯ ಜನರು ವರ್ಷಕ್ಕೆ ಎರಡು ಬಾರಿಯಾದರೂ ಮೇಲೆ ನೋಡಿ, ಸೌಮ್ಯ ಸಾಬೂನಿನ ನೀರಿನಿಂದ ತೊಳೆದು, ಬಿರಿದಲ್ಲಿ ಮಾತ್ರ ಹಳೆಯ ಮೆತ್ತುಗೆಯನ್ನು ತೆಗೆದು ಹೊಸದನ್ನು ಹಚ್ಚುತ್ತಾರೆ.

ನಾವೂ ಹಾಗೆಯೇ ಮಾಡತಕ್ಕದ್ದು. ರೋಹಿಣಿ ಮಳೆಗಿಂತ ಮೊದಲು ಒಮ್ಮೆ, ಸೆಪ್ಟೆಂಬರಿನ ದೊಡ್ಡ ಮಳೆಗಳಿಗಿಂತ ಮೊದಲು ಮತ್ತೊಮ್ಮೆ ಮಾಳಿಗೆಯನ್ನು ಪರೀಕ್ಷಿಸಬೇಕು. ಹುಲ್ಲನ್ನು ಬೇರುಸಹಿತ ಕೀಳಬೇಕು. ದೋಣಿಯಲ್ಲಿ ಕಟ್ಟಿಕೊಂಡ ಕಸವನ್ನು ತೆಗೆಯಬೇಕು. ಇಲಿ, ಹೆಗ್ಗಣಗಳ ಬಿಲಗಳನ್ನು ಮುಚ್ಚಬೇಕು. ನೀರು ನಿಲ್ಲುವ ತಗ್ಗನ್ನು ದೋಣಿಯ ಕಡೆಗೆ ಇಳಿಜಾರಾಗುವಂತೆ ಸರಿಪಡಿಸಬೇಕು. ಅನಂತರ ಕೆಳಗಿಳಿದು, ದೀಪ ಹಿಡಿದು, ಗೋಡೆಯೊಳಗೆ ಹೊಕ್ಕ ತೊಲೆಯ ತುದಿಗಳನ್ನು ನೋಡಬೇಕು. ತೇವವೂ ಗೆದ್ದಲೂ ಅಲ್ಲಿಯೇ ಅಡಗುತ್ತವೆ.

ಇನ್ನು ಮುಖ್ಯವಾದ ಮಾತು. ಸೋರಿದೊಡನೆ ಹಳೆಯ ಮಣ್ಣಿನ ಮೇಲೆ ಹೊಸ ಮಣ್ಣನ್ನು ಹಾಕುವುದು ನಮ್ಮ ರೂಢಿ. ವಿದ್ಯಾರ್ಥಿಗಳೇ, ಇಲ್ಲಿ ಒಂದು ಲೆಕ್ಕ ಮಾಡಿರಿ. ಒಂದು ಘನ ಅಡಿ ಮಣ್ಣು ಸುಮಾರು 45 ಕಿಲೋ ತೂಗುತ್ತದೆ. 12 ಅಡಿ ಉದ್ದ, 10 ಅಡಿ ಅಗಲದ ಕೋಣೆಯ ಮೇಲೆ ಒಂದು ಅಂಗುಲ ಮಣ್ಣು ಹರಡಿದರೆ 10 ಘನ ಅಡಿ. ಅಂದರೆ ನಾಲ್ಕೂವರೆ ಕ್ವಿಂಟಲ್. ವರ್ಷಕ್ಕೆ ಅರ್ಧ ಅಂಗುಲದಂತೆ 40 ವರ್ಷ ಹಾಕುತ್ತ ಹೋದರೆ 20 ಅಂಗುಲ, 90 ಕ್ವಿಂಟಲ್! ನೆನೆದಾಗ ಇನ್ನೂ ಹೆಚ್ಚು. ತೊಲೆ ಮಾತ್ರ ಅಜ್ಜನ ಕಾಲದ್ದೇ.

ಈ ಭಾರದ ಫಲವನ್ನು ನಾವು ದೂರದ ದೇಶದಲ್ಲಿ ಹುಡುಕಬೇಕಾಗಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶ ವಿಸರ್ಜನೆಯನ್ನು ಮುಗಿಸಿ ಜನರು ಮಲಗಿದ್ದಾಗ, ಲಾತೂರ ಜಿಲ್ಲೆಯ ಕಿಲ್ಲಾರಿಯ ಸುತ್ತಲಿನ ನೆಲ ನಡುಗಿತು. ಲಾತೂರ ಹಾಗೂ ಇಂದು ಧಾರಾಶಿವವೆನಿಸಿರುವ ಜಿಲ್ಲೆಗಳಲ್ಲಿ 7,500ಕ್ಕಿಂತ ಹೆಚ್ಚು ಜನ ಮಡಿದರು. ಮಣ್ಣಿನಲ್ಲಿ ಕಟ್ಟಿದ ಕಲ್ಲಿನ ಗೋಡೆಗಳು ಸಡಿಲಿ ಬಿದ್ದವು. ಅವುಗಳೊಡನೆ, ಕೆಲವೆಡೆ ಎರಡು ಅಡಿಗೂ ಮಿಕ್ಕಿ ದಪ್ಪವಾಗಿದ್ದ ಮಾಳಿಗೆಗಳು ಮಲಗಿದವರ ಮೇಲೆ ಕುಸಿದವು. ಮಳೆಯಿಂದ ಕಾಯಲೆಂದು ಹೊತ್ತು ಹಾಕಿದ ಮಣ್ಣು ಅದು.

ಆದುದರಿಂದ ನಿಯಮವಿಷ್ಟೇ: ಮೊದಲು ಕೆರೆದು ತೆಗೆಯಿರಿ, ಬಳಿಕ ತೆಗೆದಷ್ಟನ್ನೇ ಹಾಕಿರಿ. ಮಳೆಗಾಲಕ್ಕೆ ಆಸರೆ ಸಾಲದಿದ್ದರೆ ತಾಡಪತ್ರಿ ಹೊದಿಸಿರಿ. ಅದರ ತೂಕ ಅತ್ಯಲ್ಪ. ಜಂತಿ ಬಾಗಿದ್ದರೆ, ಗೋಡೆ ಹೊಟ್ಟೆ ಬಿಟ್ಟಿದ್ದರೆ, ಮೇಲಿನಿಂದ ಮಣ್ಣು ಉದುರತೊಡಗಿದ್ದರೆ ಆ ಕೋಣೆಯಲ್ಲಿ ಮಲಗಬಾರದು. ತಿಳಿದ ಗೌಂಡಿಯನ್ನು ಕರೆಯಿಸಿ ತೋರಿಸಬೇಕು. ಭಾರವನ್ನು ಇಳಿಸುವಾಗಲೂ ಒಂದೇ ಕಡೆಯಿಂದ ಅಗೆಯದೆ ಸಮನಾಗಿ ತೆಗೆಯಬೇಕು.

ಬಾಲಕ ಬಾಲಿಕೆಯರೇ, ಹಳೆಯ ಮಾಳಿಗೆಯನ್ನು ನೀವಾಗಿಯೇ ಹತ್ತಬೇಡಿರಿ. ಹಿರಿಯರೊಡನೆ ಹೋಗಿ ಬೆಳಕಿಂಡಿಯ ಅಂಚಿನಲ್ಲಿ ಅಡಿಪಟ್ಟಿಯನ್ನಿಟ್ಟು ಮಣ್ಣಿನ ದಪ್ಪವನ್ನು ಅಳೆಯಿರಿ. ಕೋಣೆಯ ಉದ್ದ ಅಗಲಗಳಿಂದ ಗುಣಿಸಿ, ಬಂದ ತೂಕವನ್ನು ಪಾಟಿಯ ಮೇಲೆ ಬರೆದು ಮನೆಯವರೆಲ್ಲರ ಮುಂದಿಡಿರಿ. ಶಾಲೆಯಲ್ಲಿ ಕಲಿತ ಗುಣಾಕಾರವು ಮನೆಯವರ ಪ್ರಾಣವನ್ನು ಕಾಯುವುದಾದರೆ ಅದಕ್ಕಿಂತ ದೊಡ್ಡ ಪರೀಕ್ಷೆ ಯಾವುದಿದೆ?