ವಕ್ಫ್ ಮಾಡಿದ ಗ್ರಂಥಗಳು
(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಅವನ ಅಂತಿಮ ಪ್ರವಾದಿಯವರ(ಸ) ಮೇಲೆ ಸಲಾತ್ ಮತ್ತು ಸಲಾಮ್.

ಪ್ರೀತಿಯ ಸಹೋದರರೇ, ವಕ್ಫ್ ಎಂದೊಡನೆ ನಮಗೆ ನೆನಪಾಗುವುದು ಜಮೀನು, ಮಸೀದಿಯ ಅಂಗಡಿಗಳ ಬಾಡಿಗೆ. ಗ್ರಂಥವನ್ನೂ ವಕ್ಫ್ ಮಾಡಬಹುದೆಂಬುದು ಮರೆತೇ ಹೋಗಿದೆ. ಮರಣದ ಬಳಿಕವೂ ಪುಣ್ಯ ತಲುಪಿಸುವ ಮೂರು ವಿಷಯಗಳನ್ನು ಪ್ರವಾದಿ(ಸ) ತಿಳಿಸಿದ್ದಾರೆ. ನಿರಂತರ ದಾನ ಮತ್ತು ಪ್ರಯೋಜನಕಾರಿ ಜ್ಞಾನ ಅವುಗಳಲ್ಲಿ ಎರಡು. ಗ್ರಂಥದ ವಕ್ಫ್‌ನಲ್ಲಿ ಇವೆರಡೂ ಕೂಡಿವೆ.

ಮೊರೊಕ್ಕೋದ ಫೆಝ್ ನಗರದ ಖರವಿಯ್ಯೀನ್ ಮಸೀದಿಯನ್ನು 859ರಲ್ಲಿ ಫಾತಿಮಾ ಅಲ್-ಫಿಹ್ರಿ ಎಂಬ ಮಹಿಳೆ ತನಗೆ ಬಂದ ಪಿತ್ರಾರ್ಜಿತ ಸಂಪತ್ತಿನಿಂದ ಕಟ್ಟಿಸಿದರೆಂದು ಅಲ್ಲಿಯವರು ಸ್ಮರಿಸುತ್ತಾರೆ. 14ನೇ ಶತಮಾನದಲ್ಲಿ ಸುಲ್ತಾನ್ ಅಬೂ ಇನಾನ್ ಅದಕ್ಕೊಂದು ಗ್ರಂಥಾಲಯ ಸೇರಿಸಿದರು. ಪ್ರಸಿದ್ಧ ಇತಿಹಾಸಕಾರ ಇಬ್ನ್ ಖಲ್ದೂನ್ ಕೈರೋದಲ್ಲಿದ್ದಾಗ, 1396ರಲ್ಲಿ, ತಮ್ಮ 'ಕಿತಾಬುಲ್ ಇಬರ್' ಗ್ರಂಥದ ಪ್ರತಿಯನ್ನು ಅಲ್ಲಿಗೆ ವಕ್ಫ್ ಮಾಡಿದರು. ಅದರ ಶರ್ತಗಳನ್ನು ಕೇಳಿ: ನಂಬಿಗಸ್ತರಿಗೆ ಮಾತ್ರ ಕೊಡಬೇಕು, ತಕ್ಕ ಠೇವಣಿ ಪಡೆಯಬೇಕು, ಹೆಚ್ಚೆಂದರೆ ಎರಡು ತಿಂಗಳು. ಓದಲು ಅಥವಾ ನಕಲು ಮಾಡಿಕೊಳ್ಳಲು ಅಷ್ಟು ಸಾಕು. ಬೀಗ ಹಾಕಿಡಿ ಎಂದು ಅವರು ಹೇಳಲಿಲ್ಲ. ಕೇಳಿದವರಿಗೆಲ್ಲ ಕೊಟ್ಟುಬಿಡಿ ಎಂದೂ ಹೇಳಲಿಲ್ಲ.

ಕಾಲಾಂತರದಲ್ಲಿ ಆ ಕಟ್ಟಡಕ್ಕೆ ತೇವ ಹಿಡಿಯಿತು. 2012ರಲ್ಲಿ ದುರಸ್ತಿಯ ಹೊಣೆ ಅಝೀಝಾ ಶಾವೂನಿ ಎಂಬ ವಾಸ್ತುಶಿಲ್ಪಿಗೆ ಸಿಕ್ಕಿತು. ಹೆಣ್ಣೊಬ್ಬಳು ಆರಂಭಿಸಿದ್ದನ್ನು ಹನ್ನೊಂದು ಶತಮಾನಗಳ ಬಳಿಕ ಇನ್ನೊಬ್ಬ ಹೆಣ್ಣುಮಗಳು ಉಳಿಸಿದಳು.

ಎಲ್ಲೆಡೆಯೂ ಹೀಗಾಗಿಲ್ಲ. ಮಾರಿಟೇನಿಯಾದ ಮರುಭೂಮಿಯಲ್ಲಿ ಶಿಂಗೀತಿ ಎಂಬ ಊರಿದೆ. ಹಿಂದೆ ಹಜ್ಜ್‌ಗೆ ಹೊರಟ ಒಂಟೆ ಕಾಫಿಲಾಗಳು ಅಲ್ಲಿ ಸೇರುತ್ತಿದ್ದವು. ಅಲ್ಲಿ ಗ್ರಂಥಗಳಿರುವುದು ಕುಟುಂಬಗಳ ಮನೆಗಳಲ್ಲಿ. ಕುರ್‌ಆನ್ ವ್ಯಾಖ್ಯಾನ, ಫಿಕ್‌ಹ್, ಖಗೋಳ, ವ್ಯಾಕರಣದ ಹಸ್ತಪ್ರತಿಗಳು. 1996ರಲ್ಲಿ ಯುನೆಸ್ಕೋ ಆ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಮರಳು ಪಟ್ಟಿಯನ್ನು ನೋಡಿ ನಿಲ್ಲುವುದಿಲ್ಲ. ಹಳೆಯ ಮನೆಗಳು ಅದರಡಿ ಹೂತುಹೋಗುತ್ತಿವೆ. ಯುವಕರು ದುಡಿಮೆಗಾಗಿ ಪಟ್ಟಣ ಸೇರಿದ್ದಾರೆ. ಗೆದ್ದಲು ಬೇರೆ.

ಸುರಕ್ಷಿತ ಕಟ್ಟಡಕ್ಕೆ ಕೊಟ್ಟುಬಿಡಿ ಎಂದರೆ ಎಷ್ಟೋ ಮನೆಯವರು ಒಪ್ಪುವುದಿಲ್ಲ. ಇದು ಹಿರಿಯರ ಅಮಾನತ್ತು, ನಮ್ಮ ಕೈಯಿಂದ ಹೋಗಬಾರದು ಎನ್ನುತ್ತಾರೆ. ಇದನ್ನು ಹಠವೆನ್ನಲು ನನಗೆ ಮನಸ್ಸಿಲ್ಲ. ವಕ್ಫ್ ಮಾಡಿದವನ ಶರ್ತವನ್ನು ಗೌರವಿಸಬೇಕಾದದ್ದೇ. ಆದರೆ ಯಾರೂ ಓದದೆ ಹುಡಿಯಾಗುವ ಗ್ರಂಥದಿಂದ ಆ ಹಿರಿಯರಿಗೆ ಏನು ತಲುಪೀತು? ಇಂದು ಹಾಳೆ ಹಾಳೆಯಾಗಿ ಫೋಟೋ ತೆಗೆದಿಡುವ ಸೌಲಭ್ಯವಿದೆ. ಗ್ರಂಥ ಮನೆಯಲ್ಲೇ ಉಳಿಯುತ್ತದೆ, ಓದು ಜಗತ್ತಿಗೆ ಸಿಗುತ್ತದೆ. ಇಬ್ನ್ ಖಲ್ದೂನ್ ನಕಲಿಗೆಂದು ಎರಡು ತಿಂಗಳು ಕೊಟ್ಟದ್ದೂ ಇದಕ್ಕೇ ತಾನೇ?

ಆ ಮರಳಿನ ನಡುವೆ ಕೂತು ಗ್ರಂಥಗಳನ್ನು ಕಾಯುತ್ತಿರುವವರ ಶ್ರಮವನ್ನು ಅಲ್ಲಾಹನು ಸ್ವೀಕರಿಸಲಿ. ಆಮೀನ್.