ಪರದೇಶಕ್ಕೆ ಹೊರಟ ಮಕ್ಕಳು
(ಮಾಧವನಗರದ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಕೂಲಿಯವರ ಮಗನಾಗಲಿ ಮಗಳಾಗಲಿ ಪದವಿ ಮುಗಿಸಿ ವಿದ್ಯಾರ್ಥಿವೇತನದ ಮೇಲೆ ಪರದೇಶಕ್ಕೆ ಹೊರಟರೆ, ನಮ್ಮವರಾಗಿಯೇ ಮರಳುತ್ತಾರೆಯೇ ಎಂದು ನಾವು ಅಂಜುತ್ತೇವೆ. ಡಾ. ಅಂಬೇಡ್ಕರರನ್ನು ನೋಡೋಣ. 1912ರಲ್ಲಿ ಮುಂಬಯಿಯಲ್ಲಿ ಬಿ.ಎ. ಆಯಿತು. ಮರುವರ್ಷವೇ ಬರೋಡಾದ ಸಯಾಜಿರಾವ್ ಗಾಯಕವಾಡ ಮಹಾರಾಜರು ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷದ ವೇತನ ಕೊಟ್ಟು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳುಹಿಸಿದರು. ಧರ್ಮಕ್ಕೆ ಕೊಟ್ಟದ್ದಲ್ಲ, ಮರಳಿ ಬಂದು ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂಬ ಕರಾರಿತ್ತು. 1917ರಲ್ಲಿ ಬಂದರು. ಅಷ್ಟು ಓದಿದವರಿಗೆ ಬರೋಡಾದಲ್ಲಿ ಇರಲು ಒಂದು ಕೋಣೆ ಸಿಗಲಿಲ್ಲ! ಕೆಲಸ ಬಿಟ್ಟು ಮುಂಬಯಿಗೆ ಮರಳಿದರು. ಆದರೆ 1920ರ ಮಾರ್ಚಿನಲ್ಲಿ ಇಲ್ಲೇ ಪಕ್ಕದ ಕೊಲ್ಹಾಪುರ ಸೀಮೆಯ ಮಾಣಗಾವಿನಲ್ಲಿ ಪರಿಷತ್ತಿನ ಅಧ್ಯಕ್ಷರಾಗಿ ಕುಳಿತಿದ್ದರು. ಶಾಹೂ ಮಹಾರಾಜರೇ ಬಂದಿದ್ದರು. 1925ರಲ್ಲಿ ನಮ್ಮ ಕನ್ನಡದ ನಿಪ್ಪಾಣಿಗೆ ಬಂದರು. 1936ರಲ್ಲಿ ಸ್ವತಂತ್ರ ಕಾರ್ಮಿಕ ಪಕ್ಷ ಕಟ್ಟಿದರು.

ಇಂದು ಕೇಂದ್ರ ಸರಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದಲ್ಲಿ ಪರಿಶಿಷ್ಟ ಜಾತಿಯವರಲ್ಲದೆ ಭೂಹೀನ ಕೃಷಿ ಕೂಲಿಕಾರರಿಗೂ ಸ್ಥಾನವುಂಟು. ಶೇಕಡಾ 60 ಅಂಕ ಬೇಕು. ಕುಟುಂಬದ ವಾರ್ಷಿಕ ವರಮಾನ 8 ಲಕ್ಷ ರೂಪಾಯಿ ಮೀರಬಾರದು. ಕ್ರೈಸ್ತರಾದ ದಲಿತರನ್ನು 1950ರ ಆಜ್ಞೆ ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗಿಟ್ಟಿದೆ. ಇದು ನ್ಯಾಯವಲ್ಲ, ಅದರ ಮಾತು ಬೇರೆ ದಿನ. ಸದ್ಯಕ್ಕೆ ನಮ್ಮವರು ಈ ಕೂಲಿಕಾರರ ಬಾಗಿಲನ್ನೇ ವಿಚಾರಿಸಬೇಕು. ವರಮಾನದ ದಾಖಲೆಯನ್ನು ಮಗು ಕಾಲೇಜಿನಲ್ಲಿರುವಾಗಲೇ ಮಾಡಿಸಿಡಿರಿ.