ಒಂದೇ ಪೊಟ್ಟಣ, ಎರಡು ಬೆಲೆ



ಬೆಲೆಯೇರಿಕೆಯ ಮಾತು ಬಂದಾಗ ನಾವು ಸಾಮಾನ್ಯವಾಗಿ ಮಳೆ, ಬೆಳೆ, ಡೀಸೆಲ್ ಮತ್ತು ತೆರಿಗೆಗಳನ್ನು ಹೆಸರಿಸುತ್ತೇವೆ. ಇವು ಕಾರಣಗಳೇ ಅಲ್ಲವೆನ್ನಲಾಗದು. ಆದರೆ ಒಂದೇ ಕಂಪೆನಿಯ ಒಂದೇ ಪೊಟ್ಟಣಕ್ಕೆ ನೆರೆಯ ಎರಡು ದೇಶಗಳಲ್ಲಿ ಎರಡು ಬೆಲೆಗಳಿದ್ದರೆ ಅದಕ್ಕೇನು ಕಾರಣ? ಈ ಪ್ರಶ್ನೆಗೆ ಉತ್ತರ ಹುಡುಕಲು ನಾವಿಂದು ಯುರೋಪಿನ ಮಾರುಕಟ್ಟೆಗಳತ್ತ ನೋಡೋಣ.

ಜರ್ಮನಿಯ ಕೋನ್‌ಸ್ಟಾನ್ಸ್ ಮತ್ತು ಸ್ವಿಟ್ಝರ್ಲ್ಯಾಂಡಿನ ಕ್ರೊಯಿಟ್ಸ್‌ಲಿಂಗೆನ್ ಒಂದಕ್ಕೊಂದು ಅಂಟಿಕೊಂಡಿರುವ ಪಟ್ಟಣಗಳು. ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು. ಸ್ವಿಸ್ ಕುಟುಂಬಗಳು ದಿನಸಿಗಾಗಿ ಜರ್ಮನಿಯ ಸೂಪರ್ ಮಾರ್ಕೆಟ್‌ಗಳಿಗೆ ಹೋಗುವುದು ಅಲ್ಲಿ ಹಳೆಯ ರೂಢಿ. 2015ರ ಜನವರಿ 15ರಂದು ಸ್ವಿಸ್ ರಾಷ್ಟ್ರೀಯ ಬ್ಯಾಂಕ್ ಒಂದು ಯೂರೋಗೆ 1.20 ಫ್ರಾಂಕ್ ಎಂಬ ಮಿತಿಯನ್ನು ಕೈಬಿಟ್ಟಿತು. ಫ್ರಾಂಕಿನ ಮೌಲ್ಯ ಅಂದೇ ಜಿಗಿಯಿತು. ಅದೇ ಸಂಬಳಕ್ಕೆ ಗಡಿಯಾಚೆ ಹೆಚ್ಚು ಸಾಮಾನು ದೊರೆಯತೊಡಗಿ ಜನಪ್ರವಾಹ ಇನ್ನಷ್ಟು ಹೆಚ್ಚಿತು. ಇದನ್ನು ತಡೆಯಲೆಂದೇ ಸ್ವಿಸ್ ಸರಕಾರವು ಹೊರಗಿನಿಂದ ತೆರಿಗೆಯಿಲ್ಲದೆ ತರಬಹುದಾದ ಸರಕಿನ ಮಿತಿಯನ್ನು 2025ರ ಆರಂಭದಲ್ಲಿ 300 ಫ್ರಾಂಕ್‌ನಿಂದ 150ಕ್ಕೆ ಇಳಿಸಿತು. ಮಾಂಸಕ್ಕಂತೂ ಮೊದಲೇ ಬೇರೆ ಕಟ್ಟುಪಾಡಿದೆ: ಒಬ್ಬರಿಗೆ ದಿನಕ್ಕೆ ಒಂದು ಕಿಲೋ. ಅದನ್ನು ಮೀರಿದರೆ ಕಿಲೋಗೆ 17 ಫ್ರಾಂಕ್ ಸುಂಕ.

ಸ್ವಿಟ್ಝರ್ಲ್ಯಾಂಡಿನಲ್ಲಿ ಕೂಲಿ ಹೆಚ್ಚು, ಬಾಡಿಗೆ ಹೆಚ್ಚು ಎಂಬುದು ನಿಜ. ಬೆಟ್ಟದ ಇಳಿಜಾರಿನಲ್ಲಿ ಹಸು ಸಾಕುವ ರೈತನನ್ನು ಉಳಿಸಲು ಆಮದಿನ ಮಾಂಸಕ್ಕೆ ಸುಂಕ ವಿಧಿಸಿದರೆ ನಾವು ಅದನ್ನು ಅನ್ಯಾಯವೆನ್ನಲಾರೆವು. ರೈತನಿಗಾಗಿ ಹೆಚ್ಚು ಬೆಲೆ ತೆರುವುದು ಒಂದು ಸಮಾಜದ ಆಯ್ಕೆ.

ಆದರೆ ಸುಂಕದ ಕಟ್ಟೆಯೇ ಇಲ್ಲದ, ಯೂರೋ ಎಂಬ ಒಂದೇ ನಾಣ್ಯವುಳ್ಳ ನೆದರ್‌ಲ್ಯಾಂಡ್ಸ್ ಮತ್ತು ಬೆಲ್ಜಿಯಂ ನಡುವೆಯೂ ಬೆಲೆ ಬೇರೆಯಾದರೆ? ನೆದರ್‌ಲ್ಯಾಂಡ್ಸ್‌ನಲ್ಲಿ ಚಾಕಲೇಟು ಅಗ್ಗವಾಗಿತ್ತು. ವ್ಯಾಪಾರಿಗಳು ಅದನ್ನು ಅಲ್ಲಿ ಖರೀದಿಸಿ ಬೆಲ್ಜಿಯಂನಲ್ಲಿ ಮಾರದಂತೆ ತಡೆಯಲು ಮೊಂಡೆಲೀಜ್ ಎಂಬ ಬಹುರಾಷ್ಟ್ರೀಯ ಕಂಪೆನಿಯು ನೆದರ್‌ಲ್ಯಾಂಡ್ಸ್‌ಗೆ ಆ ಚಾಕಲೇಟಿನ ಪೂರೈಕೆಯನ್ನೇ ನಿಲ್ಲಿಸಿತು! ಯುರೋಪಿಯನ್ ಆಯೋಗವು 2024ರ ಮೇ ತಿಂಗಳಲ್ಲಿ ಇದಕ್ಕೂ ಇಂತಹ ಇನ್ನಿತರ ಕೃತ್ಯಗಳಿಗೂ ಸೇರಿಸಿ 33.75 ಕೋಟಿ ಯೂರೋ ದಂಡ ವಿಧಿಸಿತು. 2019ರಲ್ಲಿ ಎಬಿ ಇನ್‌ಬೆವ್ ಕಂಪೆನಿಗೆ 20 ಕೋಟಿ ಯೂರೋ ದಾಟಿದ ದಂಡ ಬಿದ್ದಿತ್ತು. ಅಲ್ಲಿನ ಸರಕು ಬಿಯರ್. ಸರಕಿನ ಮಾತು ಬಿಡಿ, ಹೂಡಿದ ಉಪಾಯ ನೋಡಿ. ನೆದರ್‌ಲ್ಯಾಂಡ್ಸ್‌ಗೆ ಕಳಿಸುವ ಡಬ್ಬಿಗಳ ಮೇಲಿದ್ದ ಫ್ರೆಂಚ್ ಬರಹವನ್ನು ಅಳಿಸಿಹಾಕಲಾಯಿತು. ಫ್ರೆಂಚ್ ಇಲ್ಲದ ಡಬ್ಬಿಯನ್ನು ಬೆಲ್ಜಿಯಂನಲ್ಲಿ ಮಾರುವುದು ಕಷ್ಟವಲ್ಲವೇ?

ನಮ್ಮಲ್ಲಿ ಪೊಟ್ಟಣದ ಮೇಲೆ ಗರಿಷ್ಠ ಮಾರಾಟ ಬೆಲೆ ಮುದ್ರಿತವಾಗಿರುವುದರಿಂದ ಇದು ವಿಚಿತ್ರವೆನಿಸಬಹುದು. ಅಲ್ಲಿ ಅಂತಹ ಮುದ್ರೆಯಿಲ್ಲ. ಗ್ರಾಹಕನೇನೋ ಗಡಿ ದಾಟಿ ತನ್ನ ಚೀಲ ತುಂಬಿಕೊಳ್ಳಬಹುದು. ಆದರೆ ಅವನೂರಿನ ಅಂಗಡಿಗೆ ಅಗ್ಗದ ಕಡೆಯಿಂದ ಸಗಟು ಖರೀದಿಗೆ ಪೂರೈಕೆದಾರರೇ ಅಡ್ಡಿಯಾಗುತ್ತಾರೆ. ಇಂತಹ ಅಡ್ಡಿಗಳಿಂದ ಗ್ರಾಹಕರಿಗೆ ವರ್ಷಕ್ಕೆ 1,400 ಕೋಟಿ ಯೂರೋಗೂ ಹೆಚ್ಚು ಹೊರೆ ಬೀಳುತ್ತಿದೆಯೆಂದು ಆಯೋಗದ 2020ರ ಅಧ್ಯಯನ ಅಂದಾಜಿಸಿದೆ.

ಈ ಹೊರೆ ಹೊರುವವರು ಯಾರು? ಕಾರು, ಬಿಡುವು ಎರಡೂ ಇರುವವರು ಗಡಿ ದಾಟಿ ಉಳಿಸಿಕೊಳ್ಳುತ್ತಾರೆ. ಗಡಿಯಿಂದ ದೂರದ ಊರಿನಲ್ಲಿ ಪಿಂಚಣಿಯ ಮೇಲೆ ಬದುಕುವ ವೃದ್ಧೆ, ರಾತ್ರಿ ಪಾಳಿಯಲ್ಲಿ ಕಚೇರಿ ಗುಡಿಸುವ ವಲಸೆ ಕಾರ್ಮಿಕ ಎಲ್ಲಿಗೆ ಹೋದಾರು? ಮನೆಯ ಪಕ್ಕದ ಅಂಗಡಿಯ ಬೆಲೆಯೇ ಅವರ ಪಾಲಿಗೆ ಬೆಲೆ.

ಕ್ರೊಯೇಷಿಯಾದ ಜನರು ಇದನ್ನು ಸುಮ್ಮನೆ ಸಹಿಸಲಿಲ್ಲ. ತಮಗಿಂತ ಹೆಚ್ಚು ಸಂಬಳದ ದೇಶಗಳಲ್ಲಿ ಅದೇ ಸಾಮಾನು ಅಗ್ಗವಾಗಿ ದೊರೆಯುವುದನ್ನು ಕಂಡು 2025ರ ಜನವರಿ 24ರಂದು ಅವರು ಅಂಗಡಿಗಳನ್ನು ಬಹಿಷ್ಕರಿಸಿದರು. ಅಂದಿನ ವಹಿವಾಟು ಸುಮಾರು ಅರ್ಧಕ್ಕೆ ಕುಸಿಯಿತು. ಬೋಸ್ನಿಯಾ, ಸರ್ಬಿಯಾ, ಮೊಂಟೆನೆಗ್ರೋಗಳಿಗೂ ಬಹಿಷ್ಕಾರ ಹಬ್ಬಿತು. ಅದೇ ತಿಂಗಳ ಕೊನೆಗೆ ಕ್ರೊಯೇಷಿಯಾ ಸರಕಾರವು ಬೆಲೆ ಮಿತಿಗೊಳಪಟ್ಟ ವಸ್ತುಗಳ ಪಟ್ಟಿಯನ್ನು 70ಕ್ಕೆ ಏರಿಸಬೇಕಾಯಿತು.